ಸತ್ತ ಬೋರಿನ ಉಡಿ

ಬಾಯವ್ವನ ಬೋರು ಬತ್ತಿ ಮೂರು ತಿಂಗಳಾಗಿತ್ತು. ಆದರೂ ಅವಳು ಪ್ರತಿ ಶುಕ್ರವಾರ ಅದಕ್ಕೆ ಉಡಿ ತುಂಬುವುದನ್ನು ಬಿಟ್ಟಿರಲಿಲ್ಲ. ಕೇಸಿಂಗ್ ಪೈಪಿನ ಬಾಯಿಗೆ ಹಸಿರು ಕುಪ್ಪಸದ ಕಣ ಹೊದಿಸಿ, ಮುತ್ತೈದೆಗೆ ಕೊಡುವಂತೆ ಅದರ ಮೇಲೆ ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿ ಇಡುತ್ತಿದ್ದಳು.

ಬದುವಿನ ಆಚೆ ಗುರುಬಸವ್ವನ ಕಬ್ಬು. ಅವಳ ಗಂಡ ನಿಜಗುಣಪ್ಪ ಕೊರೆಸಿದ್ದ ಬೋರು ಆರುನೂರಾ ಐವತ್ತು ಅಡಿ. ಅದರಲ್ಲಿ ಇನ್ನೂ ನೀರಿತ್ತು. ಬಾಯವ್ವ ಕುಡಿಯಲು ಒಯ್ಯುತ್ತಿದ್ದುದೂ ಅದೇ ನೀರು.

"ಸತ್ತದ್ದಕ್ಕ ಯಾರರ ಉಡಿ ತುಂಬತಾರೇನ ಬಾಯವ್ವಾ?" ಒಂದು ದಿನ ನಿಜಗುಣಪ್ಪ ಛೇಡಿಸಿದ. "ಆ ಉತ್ತತ್ತಿ ನನಗರ ಕೊಡು, ತಿಂದು ನಿನ್ನ ಹೆಸರ ಹೇಳತೇನಿ."

"ಸತ್ತಿಲ್ರಿ ಗೌಡ್ರ, ಉಸರಾಡತೈತಿ. ನೀವು ಮೋಟಾರ ಚಾಲೂ ಮಾಡಿದ್ರ ಒಳಗ ಎಳಕೋತೈತಿ."

ಅವನು ನಕ್ಕ. ಗುರುಬಸವ್ವ ನಗಲಿಲ್ಲ. ಮುಂದಿನ ಶುಕ್ರವಾರ ನೋಡಲು ಹೋದಳು. ಹನ್ನೊಂದಕ್ಕೆ ತ್ರೀಫೇಸ್ ಕರೆಂಟು ಬಂತು, ಬದುವಿನ ಆಚೆ ಅವರ ಮೋಟಾರು ಗುಂಯ್ಗುಟ್ಟಿತು. ಕಣ ನಿಧಾನವಾಗಿ ಪೈಪಿನೊಳಗೆ ಕುಸಿಯಿತು, ಹಸಿದವರ ಕೆನ್ನೆಯಂತೆ. ಮೋಟಾರು ನಿಂತಾಗ ಮತ್ತೆ ಮೆಲ್ಲಗೆ ಉಬ್ಬಿತು.

"ಒಂದ್ ನಾಕ ದಿನ ಬಂದ್ ಇಡೂಣ್ರಿ," ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು. "ಆಕಿ ಬೋರಿಗೂ ಒಂಚೂರು ನೀರ ಬರಲಿ."

"ನಾವು ಬಿಟ್ಟದ್ದನ್ನ ಇನ್ನೊಬ್ಬ ಎಳಕೋತಾನ. ಮೊದಲ ಪಂಗತಿಗೆ ಕುಂತವಗ ಹೋಳಿಗಿ." ಮೋಟಾರು ಇನ್ನೂ ಕೆಳಗಿಳಿಸಲು ಎರಡು ಪೈಪು ತರುತ್ತೇನೆಂದು ಅವನು ಮರುವಾರ ರಾಮದುರ್ಗಕ್ಕೆ ಹೋದ.

ಉಡಿ ತುಂಬಿಸಿಕೊಂಡವಳು ತುಂಬಿದವಳ ಮೊರಕ್ಕೆ ಐದು ಕಾಳಾದರೂ ತಿರುಗಿ ಹಾಕಬೇಕು. ಬಾಯವ್ವನ ಉಡಿಯೆಲ್ಲ ತಮ್ಮ ಕಬ್ಬಿಗೇ ಬಂದಿತ್ತು, ತಾನು ಒಂದು ಕಾಳೂ ತಿರುಗಿಸಿಲ್ಲ ಎನಿಸಿತು ಗುರುಬಸವ್ವನಿಗೆ. ಅಂದು ಶುಕ್ರವಾರ. ಸ್ಟಾರ್ಟರ್ ಡಬ್ಬಿಯ ಮೂರೂ ಫ್ಯೂಜ್ ಕಿತ್ತು ಸೆರಗಿಗೆ ಕಟ್ಟಿಕೊಂಡು ಬದು ದಾಟಿದಳು.

"ಈಗ ಉಬ್ಬತೈತಿ ನೋಡ್ರಿ ಅಕ್ಕಾರ," ಎಂದು ಬಾಯವ್ವ ಕಣ ಹೊದಿಸಿದಳು.

ಇಬ್ಬರೂ ಕುಳಿತು ಕಾದರು. ಎಲ್ಲಿಯೂ ಸದ್ದಿಲ್ಲ.

ಕಣ ಕುಸಿಯಿತು. ಹಿಂದೆಂದಿಗಿಂತ ಆಳಕ್ಕೆ. ಅಂಚು ಜಾರಿ, ಅಕ್ಕಿ, ಕೊಂಬು, ಉತ್ತತ್ತಿ ಸಮೇತ ಪೈಪಿನೊಳಗೆ ಹೋಯಿತು. ಬಿದ್ದ ಸಪ್ಪಳ ಕೇಳಿಸಲೇ ಇಲ್ಲ.

"ಮತ್ತ್ಯಾರೋ ಚಾಲೂ ಮಾಡ್ಯಾರ," ಎಂದಳು ಗುರುಬಸವ್ವ.

ಆಗ ಫೋನು ಬಂತು. ನಿಜಗುಣಪ್ಪ. "ಸಂಜಿಕ ಬರತೇನಿ. ಇಲ್ಲೆ ಪೈಪ ಕೊಯ್ಯಾಕ ಕರೆಂಟಿಲ್ಲ. ಒಂಬತ್ತರಿಂದ ಎಲ್ಲಾ ಕಡೆ ಬಂದ್ ಐತಂತ, ಸುರೇಬಾನ, ಮುನವಳ್ಳಿ, ಸವದತ್ತಿ, ಎಲ್ಲಾ. ಒಂದು ಮೋಟಾರೂ ತಿರಗಾಕ ಹತ್ತಿಲ್ಲ."

ಫೋನಿನ ಮಾತು ಬಾಯವ್ವನಿಗೂ ಕೇಳಿಸಿತ್ತು. "ಹಂಗಾರ ಎಳಕೊಳ್ಳಾಕ ಹತ್ತಿದವರು ಯಾರ್ರಿ?"

ಗುರುಬಸವ್ವ ತನ್ನ ಬೋರಿನತ್ತ ಓಡಿದಳು. ನೀರೆತ್ತುವ ಪೈಪಿನ ಪಕ್ಕದ ಸಂದಿಗೆ ಅಂಗೈ ಇಟ್ಟಳು. ಅದು ಕೈಯನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಎರಡೂ ಕಾಲು ಊರಬೇಕಾಯಿತು. ಅಂಗೈ ನಡುವೆ ಸಂದಿಯ ಆಕಾರ ಕೆಂಪಗೆ ಮೂಡಿತ್ತು.

ಬಾಯವ್ವ ಏದುಸಿರು ಬಿಡುತ್ತ ಹಿಂದೆ ಬಂದು ನಿಂತಳು. ಆ ಕೈಯನ್ನು ನೋಡಿದಳು.

"ಅಕ್ಕಾರ, ಮನ್ಯಾಗ ಕಣ ಐತೇನ್ರಿ?" ಎಂದಳು ಮೆಲ್ಲಗೆ. "ಹಸರದು?"