ರೈಲು ಲಾಳ

ಸೇತುವೆ ಹತ್ತಿರ ಬಂದು ಬಗ್ಗಿ ನೋಡಿದ ಸೌಂದರ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಇಲ್ಲ! ದಿನವೂ ತಾನೇ ಕೈಯಾರೆ ಬಡಿದು ಬಿಗಿಮಾಡಿ ಹೋಗುವ ಆಂಕರುಗಳಲ್ಲಿ ಈಗ ಅರ್ಧಕ್ಕರ್ಧ ಮಾಯ. ಅವು ಕಚ್ಚಿಕೊಂಡಿದ್ದ ಜಾಗದಲ್ಲಿ ತುಕ್ಕು ಕಿತ್ತುಹೋಗಿ ಹಳಿ ಹೊಳೆಯುತ್ತಿತ್ತು, ಅಷ್ಟೆ.

“ಇವ್ರ ಮನೆ ಆಳಾಗ! ಇವ್ರ ಕೈ ಸೇದೋಗ!” ಎಂದು ಯಾರಿಗೆಂದು ಗೊತ್ತಿಲ್ಲದೆ ಬೈದಳು. ಬೈದದ್ದನ್ನು ಕೇಳಲು ಅಲ್ಲಿದ್ದದ್ದು ಕಾಲುವೆಯಲ್ಲಿ ಮೈ ನೆನೆಸಿಕೊಂಡು ಬಿದ್ದಿದ್ದ ಎರಡು ಎಮ್ಮೆ ಮಾತ್ರ.

ಅವಳು ಹೊಸ ಅಗ್ರಹಾರದ ಕಡೆಯ ಹಳಿ ಕಾಯುವ ಕೀಮನ್. ಹೆಣ್ಣಾದರೂ ಇಲಾಖೆಯ ಬಾಯಲ್ಲಿ ಕೀಮನ್ನೇ. ಬೆಳಗಾದರೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಹೆಗಲಿಗೆ ಸುತ್ತಿಗೆ ಏರಿಸಿ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯಬೇಕು. ಸಡಿಲಾದದ್ದನ್ನು ಬಿಗಿಮಾಡಬೇಕು, ಬಿದ್ದದ್ದನ್ನು ಕೂರಿಸಬೇಕು. ಹಳಿ ಅಂದರೆ ಹಾಕಿದ ಜಾಗದಲ್ಲಿ ತಣ್ಣಗೆ ಮಲಗಿರುವ ಕಬ್ಬಿಣ ಅಂತ ಊರಿನವರು ತಿಳಿದಿದ್ದಾರೆ. ಎಲ್ಲಿ ಮಲಗುತ್ತೆ! ಮೇಲೆ ರೈಲು ಓಡಿದಂತೆಲ್ಲ, ಬ್ರೇಕು ಹಾಕಿದಂತೆಲ್ಲ, ಬಿಸಿಲು ಕಾದಂತೆಲ್ಲ ಅದೂ ಚೂರುಚೂರೇ ಮುಂದಕ್ಕೆ ಜರುಗುತ್ತದೆ. ಜರುಗಿ ಜರುಗಿ ಒಂದು ಕಡೆ ಒತ್ತಿಕೊಂಡು, ಮಟಮಟ ಮಧ್ಯಾಹ್ನ ಸೊಟ್ಟಗಾಗಿಬಿಟ್ಟರೆ ಮೇಲೆ ಬರುವ ರೈಲಿನ ಗತಿ ದೇವರೇ ಬಲ್ಲ. ಅದಕ್ಕೇ ಸೇತುವೆಯ ಆಚೀಚೆ, ಹಳಿಯಡಿ ಅಡ್ಡ ಮಲಗಿಸಿದ ಹಳೆಯ ಮರದ ದಿಮ್ಮಿಗಳು, ಅಂದರೆ ಸ್ಲೀಪರುಗಳು ಇರುವ ಕಡೆ, ಹಳಿಯ ಬುಡಕ್ಕೆ ಕೆಳಗಿನಿಂದ ಆಂಕರು ಕಚ್ಚಿಸುವುದು. ಬಾಗಿದ ಗಟ್ಟಿ ಉಕ್ಕಿನ ತುಂಡು ಅದು. ಹಳಿಯನ್ನು ಹಿಡಿದುಕೊಂಡು ಸ್ಲೀಪರಿನ ಪಕ್ಕಕ್ಕೆ ಒತ್ತಿ ನಿಲ್ಲುತ್ತದೆ. ಹಳಿ ಹೊರಟರೆ ಸ್ಲೀಪರು ಬಿಡುವುದಿಲ್ಲ.

ಬೇರೆ ದಿನವಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದಳೇನೋ. ಆದರೆ ಗುರುವಾರ ಮೈಸೂರಿನಿಂದ ದೊಡ್ಡ ಸಾಹೇಬರು ಟ್ರಾಲಿಯಲ್ಲಿ ತಪಾಸಣೆಗೆ ಬರುವವರಿದ್ದರು. ಅದು ಸುಸೂತ್ರವಾಗಿ ಮುಗಿದರೆ ಶುಕ್ರವಾರ ಅವಳನ್ನು ಇಲ್ಲಿಂದ ಬಿಡುತ್ತಾರೆ. ಮೈಸೂರಿಗೆ ವರ್ಗವಾಗಿ ಆರ್ಡರು ಬಂದು ಕೂತಿತ್ತು. ಮೈಸೂರಿನಲ್ಲಿ ಅವಳ ಮಗಳು ಪುಟ್ಟಿ ಇದ್ದಳು. ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಂಥ ಮಕ್ಕಳ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆಯುತ್ತಿದ್ದಳು. ತಾಯಿ ಮಗಳಿಗೆ ಸಿಗುತ್ತಿದ್ದದ್ದು ಭಾನುವಾರವೊಂದೇ. ಉಳಿದ ದಿನ ಸಂಜೆ ಫೋನಿನ ಪರದೆಯಲ್ಲಿ ಇಬ್ಬರೂ ಕೈಯಲ್ಲೇ ಮಾತಾಡಿಕೊಳ್ಳುವುದು. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಗೊತ್ತುಮಾಡಿದ ದಿನದಿಂದ ಪುಟ್ಟಿ ತನ್ನ ಟ್ರಂಕು ಕಟ್ಟಿಟ್ಟು ಶುಕ್ರವಾರ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದಳು.

ಸೌಂದರ್ಯ ಇಂಜಿನಿಯರ್ ಶಿವಶಂಕರ್‌ಗೆ ಫೋನ್ ಹಚ್ಚಿದಳು.

“ಸಾರ್, ಮತ್ತೆ ಕದ್ದವ್ರೆ.”

“ಯಾರಮ್ಮಾ ಅದನ್ನ ಕದಿಯೋರು? ಗುಜರಿಗೆ ಹಾಕಿದ್ರೆ ಒಂದು ಟೀ ಹುಟ್ಟಲ್ಲ.”

“ನಂಗೂ ಅದೇ ಗೊತ್ತಾಯ್ತಿಲ್ಲ ಸಾರ್. ಓದ್ ಸಲಾನೇ ಕೆ.ಆರ್. ನಗರದಲ್ಲಿರೋ ಗುಜರಿ ಅಂಗಡಿ ಎಲ್ಲಾ ಸುತ್ತಿ ಬಂದೆ. ಬ್ಯಾರೆ ಕಳ್ಸಿಕೊಡಿ.”

“ಸ್ಟೋರಲ್ಲಿ ಇದ್ರೆ ತಾನೇ ಕಳಿಸೋದು? ಬರೆದು ಹಾಕಿದೀನಿ.”

“ಯಾವಾಗ ಬತ್ತವೆ ಸಾರ್?”

“ಬಂದಾಗ ಬರ್ತವೆ. ನಿನ್ನ ಬೀಟು, ನೀನೇ ನೋಡ್ಕೋ.” ಫೋನು ಕಟ್ಟಾಯಿತು.

ನೋಡ್ಕೋಬೇಕಂತೆ! ಹಗಲೆಲ್ಲ ನಡೆಯುವವಳು ರಾತ್ರಿಯೂ ಹಳಿ ತಬ್ಬಿಕೊಂಡು ಮಲಗಬೇಕೇನೋ. ಸೌಂದರ್ಯಳಿಗೆ ಅಳುವೂ ಬಂತು, ಸುತ್ತಿಗೆಯನ್ನು ಎತ್ತಿ ಕಾಲುವೆಗೆ ಎಸೆಯುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಬೀಟು ಮುಗಿಸಿ ಊರ ಕಡೆ ಹೊರಟಳು.

ಹಿಂದಿನ ಬೀದಿಯ ಚಾಮುಂಡಮ್ಮನ ಕೊಟ್ಟಿಗೆ ದಾಟುವಾಗ ಅವಳ ಕಾಲು ನಿಂತುಹೋಯಿತು. ಬಾಗಿಲ ಚೌಕಟ್ಟಿನ ನೆತ್ತಿಗೆ ಅರಿಶಿನ ಕುಂಕುಮ ಬಳಿದ ಕಬ್ಬಿಣವೊಂದು ಕೂತಿತ್ತು. ಅದಕ್ಕೆ ಒಂದು ಕಣಗಿಲೆ ಹೂವು ಬೇರೆ. ಬೇರೆಯವರಾಗಿದ್ದರೆ ಕುದುರೆ ಲಾಳ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಸೌಂದರ್ಯಳಿಗೆ ತನ್ನ ಆಂಕರು ಗೊತ್ತಾಗುವುದಿಲ್ಲವೇ?

“ಚಾಮುಂಡಕ್ಕಾ! ಏನಕ್ಕ ಇದು?”

ಸಗಣಿ ಕೈಯಲ್ಲೇ ಹೊರಬಂದ ಚಾಮುಂಡಮ್ಮ ಒಂದಿಷ್ಟೂ ಅಳುಕಲಿಲ್ಲ. “ರೈಲು ಲಾಳ ಕಣವ್ವ. ನಮ್ ಕಡಸು ದಿನಾ ಅಗ್ಗ ಕಿತ್ಕಂಡು ಓಗದು. ಇದ ಒಡೆದ ಮ್ಯಾಕೆ ನೋಡು, ದೇವ್ರಂಗೆ ನಿಂತದೆ.”

“ಯಾರು ಏಳಿದ್ದು ನಿಂಗೆ ಇಂಗೆ ಮಾಡು ಅಂತ?”

“ಇದೇನ್ ಇಂಗ್ ಕೇಳೀಯೆ? ನಿಮ್ಮತ್ತೇನೇ! ಡೈರಿಗೆ ಆಲು ಅಳ್ಯಕೆ ಬಂದಾಗ ಏಳಿದ್ಲು. ಅಷ್ಟು ದೊಡ್ಡ ಹಳೀನೇ ಓಗದಂಗೆ ಇಡ್ಕತದೆ ಅಂತ ನಮ್ ಸೊಸೆ ಏಳ್ತಾಳೆ ಅಂದ್ಲು. ಹಳಿ ಇಡ್ಕಳದು ಕಡಸು ಇಡ್ಕಳಲ್ವಾ?”

ಸೌಂದರ್ಯ ಹಣೆ ಚಚ್ಚಿಕೊಂಡಳು. ಹೌದು, ಶಿವರಾತ್ರಿ ಹೊತ್ತಿನಲ್ಲಿ ಅತ್ತೆ ಚಿಕ್ಕಸಿದ್ದಮ್ಮ ಅವಳ ಚೀಲದೊಳಗೆ ಇಣುಕಿ ‘ಇದೇನವ್ವ ಇದು’ ಅಂದಿದ್ದು ನಿಜ, ಇವಳು ಕಾಲು ನೀವಿಕೊಳ್ಳುತ್ತ ‘ಹಳಿ ಓಗದಂಗೆ ಇಡ್ಕಳದು ಕಣತ್ತೆ’ ಅಂದಿದ್ದೂ ನಿಜ. ಕುದುರೆ ಲಾಳವನ್ನು ಹೊಸಿಲಿಗೆ ಹೊಡೆಯುವ ಊರಿನವರಿಗೆ ಅಷ್ಟು ಸಾಕಾಯಿತು.

“ಕಿತ್ತು ಕೊಡು,” ಅಂದಳು.

“ಕಡಸು ಓದ್ರೆ?”

“ರೈಲು ಓದ್ರೆ? ಜನ ಕೂತಿರ್ತಾರೆ ಕಣಕ್ಕ ಅದ್ರಲ್ಲಿ! ನಿನ್ ಮಗಳೂ ಮೊನ್ನೆ ಅದೇ ರೈಲಲ್ಲಿ ಬಂದ್ಲು!”

ಚಾಮುಂಡಮ್ಮನ ಮುಖ ಬಿಳಿಚಿಕೊಂಡಿತು. ಆ ಮಾತು ಯಾರಿಗೂ ಹೊಳೆದೇ ಇರಲಿಲ್ಲ. ಉದ್ದಕ್ಕೆ ಅಷ್ಟೊಂದು ಇವೆ, ಒಂದೆರಡು ಹೋದರೆ ಏನು ಅಂತ ಒಬ್ಬೊಬ್ಬರೂ ಅಂದುಕೊಂಡಿದ್ದರು.

ಅಲ್ಲಿಂದ ಶುರುವಾಯಿತು ಮನೆಮನೆ ಸುತ್ತುವ ಕೆಲಸ. ಸಿದ್ದಮಲ್ಲಪ್ಪ ಬೋರ್‌ವೆಲ್ಲಿನ ಪಂಪ್‌ಹೌಸಿಗೆ ಹೊಡೆದಿದ್ದ. ನೀರು ಕೆಳಕ್ಕೆ ಹೋಗುತ್ತಿತ್ತಂತೆ, ಈಗ ನಿಂತಿದೆಯಂತೆ. “ನೀರ್ನೂ ಇಡ್ಕತದಾ ಗೌಡ್ರೆ?” ಅಂದರೆ, “ಮೋಟ್ರು ಹಾಕಿ ತೋರಿಸ್ಲಾ?” ಅಂತ ಅವಳನ್ನೇ ಕೇಳಿದ. ಶಶಿ ಎನ್ನುವವನು ಬೈಕಿನ ಹಿಂದಕ್ಕೆ ಕಟ್ಟಿಕೊಂಡಿದ್ದ. ಯಾಕೆಂದರೆ ಬ್ರೇಕು ಸರಿಯಿಲ್ಲವಂತೆ! ಮತ್ತೊಬ್ಬರ ಮನೆಯಲ್ಲಿ ಅಳಿಯ ಹಬ್ಬಕ್ಕೆ ಬಂದವನು ನಿಲ್ಲಲಿ ಅಂತ ಹೊಡೆದಿದ್ದರು. ಪಕ್ಕದ ಮನೆಯಲ್ಲೂ ಹೊಡೆದಿದ್ದರು, ಅಲ್ಲಿ ಬಂದ ಅಳಿಯ ಹೋಗುತ್ತಲೇ ಇಲ್ಲ ಅಂತ ಗೋಳು. “ಅಂಗಾದ್ರೆ ನೀವ್ಯಾಕೆ ಒಡ್ದಿದ್ದೀರಿ?” ಎಂದು ಕಿರುಚಿದಳು. “ಎಲ್ರೂ ಒಡುದ್ರು, ನಾವೂ ಒಡುದ್ವಿ.” ಸೌಂದರ್ಯಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲವರು ಮಾತಾಡದೆ ಕೊಟ್ಟರು, ಕೆಲವರು ಜಗಳವಾಡಿ ಕೊಟ್ಟರು. ಚೀಲ ಭಾರವಾಗುತ್ತ ಹೋಯಿತು.

ಮನೆಗೆ ಬಂದು ಚೀಲವನ್ನು ಅತ್ತೆಯ ಮುಂದೆ ದೊಪ್ಪನೆ ಸುರಿದಳು. ಚಿಕ್ಕಸಿದ್ದಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸೊಸೆಯ ಮೈಸೂರಿನ ರೂಮಿಗೆಂದೇ ಆ ಹಿಟ್ಟು. ಮೊಮ್ಮಗಳ ಬಾಯಿಗೆ ಮುದ್ದೆ ಬೀಳುತ್ತದಲ್ಲ ಅಂತ ವಾರದಿಂದ ಸಂಭ್ರಮದಲ್ಲಿದ್ದಳು.

“ನೋಡತ್ತೆ, ನಿನ್ ಬಾಯಿಂದ ಏನಾಗದೆ ನೋಡು! ಗುರುವಾರದೊಳ್ಗೆ ಒಂದು ಕಮ್ಮಿಯಾದ್ರೂ ನನ್ನ ಬುಡಾಕಿಲ್ಲ ಅವ್ರು.”

“ನೀನು ಏಳಿದ್ದೇ ನಾನು ಏಳ್ದೆ ಕಣವ್ವ,” ಎಂದು ಮುದುಕಿ ಸಣ್ಣ ದನಿಯಲ್ಲಿ ಅಂದಳು. “ನನ್ ಸೊಸೆ ಎಂಥಾ ಕೆಲಸ ಮಾಡ್ತಾಳೆ ಅಂತ ನಾಕ್ ಜನಕ್ಕೆ ಗೊತ್ತಾಗ್ಲಿ ಅಂತ.”

ಆ ಮಾತಿಗೆ ಸೌಂದರ್ಯಳ ಸಿಟ್ಟು ಅರ್ಧ ಇಳಿಯಿತು. ಕೂತು ಎಣಿಸಿದಳು. ಮತ್ತೆ ಎಣಿಸಿದಳು. ಒಂದು ಕಡಿಮೆ.

“ಇನ್ನೊಂದು ಎಲ್ಲಿ? ಎಲ್ರ ಮನೆಗೂ ಓಗಿದ್ದೆ. ನಿಂಗೇನಾದ್ರೂ ಗೊತ್ತಾ?”

ಚಿಕ್ಕಸಿದ್ದಮ್ಮ ಜರಡಿಯಿಂದ ಕಣ್ಣೆತ್ತಲಿಲ್ಲ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಮಗ ಸುನೀಲ್ಕುಮಾರ್ ಮೊಬೈಲು ನೋಡುತ್ತ ಬಿದ್ದುಕೊಂಡಿದ್ದ. ಸೌಂದರ್ಯಳ ಗಂಡ. ಹಂಪಾಪುರದ ಕಡೆ ಶುಂಠಿ ತುಂಬಿಕೊಂಡು ಕೇರಳಕ್ಕೆ ಲಾರಿ ಹೊಡೆಯುವವನು. ಹೋದರೆ ಹೋದ, ಯಾವಾಗ ಬರುತ್ತಾನೆ, ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಎಂದು ಕೇಳುವುದನ್ನು ಸೌಂದರ್ಯ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೇಳಿ ಕೇಳಿ ಅವಳಿಗೇ ಸಾಕಾಗಿತ್ತು. ತಾಯಿ ಮಾತ್ರ ಬಿಟ್ಟಿರಲಿಲ್ಲ. ಈ ಸಲ ಯಾಕೋ ಬಂದವನು ಮನೆಯಲ್ಲೇ ಇದ್ದ.

“ನಂಗೇನ್ ಗೊತ್ತವ್ವ,” ಅಂದಳು ಚಿಕ್ಕಸಿದ್ದಮ್ಮ.

ಬುಧವಾರವೆಲ್ಲ ಸೌಂದರ್ಯ ಸೇತುವೆಯ ಹತ್ತಿರವೇ ಇದ್ದಳು. ಅರಿಶಿನ ಕುಂಕುಮ ಉಜ್ಜಿ ತೆಗೆದು, ಒಂದೊಂದನ್ನೂ ಹಳಿಗೆ ಕಚ್ಚಿಸಿ, ಸ್ಲೀಪರಿಗೆ ಸೇರುವಂತೆ ಬಡಿದಳು. ಅಂಗೈ ಬೊಬ್ಬೆ ಬಂತು. ಯಾವುದನ್ನು ಎಲ್ಲಿಂದ ಕಿತ್ತು ಎಲ್ಲಿಗೆ ಹಾಕಿದರೂ ಒಂದು ಜಾಗ ಖಾಲಿಯೇ ಉಳಿಯಿತು. ಕೊನೆಗೆ ಅದನ್ನು ಆದಷ್ಟು ಕಣ್ಣಿಗೆ ಬೀಳದ ಕಡೆ ಉಳಿಸಿ ಮನೆಗೆ ಹೋದಳು.

ಗುರುವಾರ ಟ್ರಾಲಿ ಬಂತು. ದೊಡ್ಡ ಸಾಹೇಬರು ಇಳಿದು ನಡೆದರು, ಹಿಂದೆ ಶಿವಶಂಕರ್, ಅವರ ಹಿಂದೆ ಸುತ್ತಿಗೆ ಹೊತ್ತ ಸೌಂದರ್ಯ. ಕಣ್ಣಿಗೆ ಬೀಳದ ಕಡೆಗೇ ಸಾಹೇಬರ ಕಣ್ಣು ಹೋಗಿ ಬಿತ್ತು.

“ಇಲ್ಲೊಂದು ಇಲ್ಲವಲ್ಲ?”

“ಕಳ್ಳತನ ಆಗಿದೆ ಸಾರ್. ಈಯಮ್ಮನೇ ಫೋನ್ ಮಾಡಿದ್ರು. ಅರ್ಧಕ್ಕರ್ಧ ಹೋಗಿದ್ವು,” ಎಂದು ಶಿವಶಂಕರ್ ಕೈ ತೊಳೆದುಕೊಂಡರು.

“ಅರ್ಧ ಹೋಗಿದ್ರೆ ಇಷ್ಟೆಲ್ಲ ಎಲ್ಲಿಂದ ಬಂತು? ಸ್ಟೋರಿಂದ ಕೊಟ್ರಾ?”

“ಇಲ್ಲ ಸಾರ್.”

ಸಾಹೇಬರು ಸೌಂದರ್ಯಳ ಕಡೆ ತಿರುಗಿದರು. “ಯಾರ ಹತ್ರ ಸಿಕ್ತಮ್ಮ?”

ಚಾಮುಂಡಮ್ಮನ ಹೆಸರು ಹೇಳಲೇ? ಸಿದ್ದಮಲ್ಲಪ್ಪನದೇ? ರೈಲಿನ ಸಾಮಾನು ಕದ್ದರೆ ಜೈಲು. ಹೇಳಿದರೆ ಕೊಟ್ಟಿಗೆಗೂ ಪಂಪ್‌ಹೌಸಿಗೂ ಪೊಲೀಸರು ಬಂದು ನಿಲ್ಲುತ್ತಾರೆ. ಮೊದಲು ಯಾರು ಹೇಳಿದ್ದು ಅಂತ ಕೇಳಿದರೆ ಇಡೀ ಊರು ಅವಳ ಅತ್ತೆಯನ್ನು ತೋರಿಸುತ್ತದೆ.

“ಅಲ್ಲಲ್ಲೇ ಬಿದ್ದಿದ್ವು ಸಾರ್. ಉಡುಕಿ ಹಾಕ್ದೆ.”

“ಕದ್ದವ್ರು ಅಲ್ಲಲ್ಲೇ ಬಿಸಾಕಿ ಹೋದ್ರಾ?” ಸಾಹೇಬರಿಗೆ ನಗುವೂ ಬರಲಿಲ್ಲ, ಕೋಪವೂ ಬರಲಿಲ್ಲ. “ವಿಚಾರಣೆ ಆಗಲಿ. ಮುಗಿಯೋವರೆಗೂ ಇವರನ್ನ ಎಲ್ಲಿಗೂ ಬಿಡಬೇಡಿ,” ಎಂದು ಶಿವಶಂಕರ್‌ಗೆ ಹೇಳಿ ಟ್ರಾಲಿ ಹತ್ತಿದರು.

“ಎಷ್ಟು ದಿನ ಸಾರ್?” ಎಂದು ಸೌಂದರ್ಯ ಶಿವಶಂಕರ್ ಹಿಂದೆ ಓಡಿದಳು.

“ಅದು ಮುಗಿದಾಗ ಮುಗಿಯುತ್ತೆ.”

ಎಲ್ಲವೂ ಆದಾಗ ಆಗುವುದೇ ಈ ಜನಕ್ಕೆ! ಸೌಂದರ್ಯ ಕಾಲುವೆಯ ಏರಿ ಮೇಲೆ ಕೂತು ಬಾಯಿಬಿಟ್ಟು ಅತ್ತಳು. ರೈಲೊಂದು ಬಂದು ಅವಳು ಬಡಿದ ಆಂಕರುಗಳ ಮೇಲೆ ಹಾಯಾಗಿ ಮೈಸೂರಿನ ಕಡೆ ಹೋಯಿತು.

ಸಂಜೆ ಮನೆಗೆ ಬಂದರೆ ಜಗಲಿಯ ಮೇಲೆ ಚಿಕ್ಕಸಿದ್ದಮ್ಮ ಒಬ್ಬಳೇ ಕೂತಿದ್ದಳು. ಸೊಸೆಯ ಮುಖ ನೋಡಿದ್ದೇ ಅವಳಿಗೆ ಎಲ್ಲವೂ ಗೊತ್ತಾಯಿತು. ಸೆರಗಿನೊಳಗಿಂದ ಆ ಇನ್ನೊಂದು ಆಂಕರನ್ನು ತೆಗೆದು ಸೌಂದರ್ಯಳ ಕೈಗಿಟ್ಟಳು. ಅದರ ಮೇಲೆ ಇನ್ನೂ ಅರಿಶಿನ ಇತ್ತು.

“ಎಲ್ಲಿತ್ತು ಇದು?”

“ಅವನ್ ಮಂಚದ ತಳದಲ್ಲಿ ಕಟ್ಟಿದ್ದೆ. ಎಂದೂ ಎಲ್ಡು ದಿನ ನಿಲ್ದೋನು ಈ ಸಲ ನಿಂತಿದ್ನಲ್ಲವ್ವ. ಬಿಚ್ಚಾಕೆ ಕೈ ಬರ್ನಿಲ್ಲ. ಮದ್ಯಾನ ಲಾರಿಯೋರು ಫೋನ್ ಮಾಡುದ್ರು. ಉಂಡ ತಟ್ಟೇಲೆ ಕೈ ತೊಳ್ಕಂಡು ಓದ.”

“ನಾನು ಬಾಯ್ಬುಟ್ಟು ಕೇಳ್ದಾಗ ಏಳಬಾರದಾಗಿತ್ತಾ ಅತ್ತೆ? ಒಂದೇ ಒಂದು ಮಾತು!” ಸೌಂದರ್ಯ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. “ಇದೊಂದಿದ್ದಿದ್ರೆ ಅವ್ರು ಏನೂ ಕೇಳ್ತಾನೇ ಇರ್ನಿಲ್ಲ. ನನ್ ಮಗು ಟ್ರಂಕು ಕಟ್ಕಂಡು ಕೂತದೆ! ಇನ್ನು ನನ್ನ ಯಾವಾಗ ಬುಡ್ತಾರೋ ಆ ದೇವ್ರಿಗೂ ಗೊತ್ತಿಲ್ಲ!”

ಚಿಕ್ಕಸಿದ್ದಮ್ಮ ತಲೆ ತಗ್ಗಿಸಿಕೊಂಡೇ ಅಂದಳು: “ಅವ್ನು ನಿಲ್ಲಲಿ ಅಂತ ಕಟ್ಟಿದ್ದು ಕಣವ್ವ. ಅದು ನಿನ್ನ ನಿಲ್ಲುಸ್ತು.”

ಅಷ್ಟರಲ್ಲಿ ಫೋನು ಬೆಳಗಿತು. ಪುಟ್ಟಿ ದಿನಾ ಮಾತಾಡುವ ಹೊತ್ತು. ಪರದೆಯ ಮೇಲೆ ಮುಖವಿಡೀ ನಗು, ಹಿಂದೆ ಕಟ್ಟಿಟ್ಟ ಟ್ರಂಕು. ಪುಟ್ಟಿಯ ಕೈಗಳು ಪಟಪಟನೆ ಆಡಿದವು: ‘ನಾಳೆ ಎಷ್ಟು ಹೊತ್ತಿಗೆ?’

ಸೌಂದರ್ಯಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಬ್ಬಿಣ. ಉತ್ತರ ಹೇಳಬೇಕೆಂದರೆ ಕೈ ಬೇಕು. ಆಂಕರನ್ನು ಕೆಳಗಿಟ್ಟಳು. ಬೆರಳು ಮೇಲೆತ್ತಿದಳು, ಆದರೆ ಅವು ಏನನ್ನೂ ಹೇಳಲಿಲ್ಲ. ಮಗಳು ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ನಗು ನಿಧಾನಕ್ಕೆ ಇಳಿಯಿತು.

ಇಷ್ಟು ವರ್ಷದಲ್ಲಿ ಆ ಕೈಭಾಷೆಯ ಒಂದಕ್ಷರವನ್ನೂ ಕಲಿಯದ ಚಿಕ್ಕಸಿದ್ದಮ್ಮ ಪಕ್ಕಕ್ಕೆ ಬಂದು ಪರದೆಯ ಮುಂದೆ ಮುಖ ತಂದಳು. ಕೆಳಗಿದ್ದ ಕಬ್ಬಿಣವನ್ನು ಎತ್ತಿ ಮೊಮ್ಮಗಳಿಗೆ ತೋರಿಸಿದಳು. ಆಮೇಲೆ ಅಂಗೈಯಿಂದ ತನ್ನ ಎದೆಯನ್ನೇ ಮುಟ್ಟಿ ಮುಟ್ಟಿ ತೋರಿಸತೊಡಗಿದಳು: ನಾನು, ನಾನು, ನಾನು.

ಪುಟ್ಟಿ ಅಜ್ಜಿಯನ್ನು ನೋಡಿ, ಅಮ್ಮನನ್ನು ನೋಡಿ, ಖುಷಿಯಿಂದ ಕೈ ಆಡಿಸಿದಳು: ‘ಅಜ್ಜೀನೂ ಬರ್ತಾಳಾ?’