ಕಪ್ಪಾದ ಹನ್ನೊಂದು ತಿಂಗಳು

ವಾಮಾಂತ್ಲಾ ಊರಿನಲ್ಲಿ ಕಾಗದ ಅಂತ ಒಂದಿದ್ದರೆ ಅದು ಯಾವತ್ತಾದರೂ ಎವೋದಿಯೊನ ಕೈಗೆ ಬರಲೇಬೇಕು. ಜನನ ಪತ್ರ, ವೋಟಿನ ಚೀಟಿ, ಸಂತ ಯೂದನ ಪಟ, ಏನೇ ಇರಲಿ, ಅವನ ಸ್ಟೇಷನರಿ ಅಂಗಡಿಯ ಲ್ಯಾಮಿನೇಶನ್ ಯಂತ್ರದೊಳಗೆ ಹೊಕ್ಕು ಪ್ಲಾಸ್ಟಿಕ್ ತೊಟ್ಟುಕೊಂಡು ಹೊರಬರುವವರೆಗೂ ಊರಿನವರಿಗೆ ಸಮಾಧಾನವಿಲ್ಲ. ಅವನಿಗಂತೂ ಅದು ಹುಚ್ಚೇ. ಅತ್ತೆಗೆ ಡಾಕ್ಟರು ಬರೆದುಕೊಟ್ಟ ಚೀಟಿಗೂ ಪ್ಲಾಸ್ಟಿಕ್ ಹಾಕಿಬಿಟ್ಟಿದ್ದ. ಔಷಧಿ ಅಂಗಡಿಯವನು ಇದರ ಮೇಲೆ ಮೊಹರು ಕೂರೋದಿಲ್ಲ ಅಂತ ಹಿಂದಕ್ಕೆ ಕಳಿಸಿದ. ಅತ್ತೆ ಒಂದು ವಾರ ಮಾತು ಬಿಟ್ಟಳು. ಎವೋದಿಯೊಗೆ ಅದರಿಂದ ನಷ್ಟವೇನೂ ಆಗಲಿಲ್ಲ ಅನ್ನಿ.

ಇಂಥ ಮನುಷ್ಯ ತನ್ನ ಸ್ವಂತ ರಸೀದಿಗಳನ್ನು ಮಾತ್ರ ಆಲೂಗಡ್ಡೆ ಮೂಟೆಯಲ್ಲಿ ತುಂಬಿಡುತ್ತಿದ್ದ. ಏಪ್ರಿಲ್‌ನಲ್ಲಿ ವರ್ಷದ ತೆರಿಗೆ ಲೆಕ್ಕ ಒಪ್ಪಿಸುವ ಹೊತ್ತಿಗೆ ಆ ಮೂಟೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಎವುಸ್ತೋಲಿಯಾಳ ಆಫೀಸಿಗೆ ಹೋಗುವುದು, ಟೇಬಲ್ ಮೇಲೆ ಸುರಿಯುವುದು. ಎವುಸ್ತೋಲಿಯಾ ಊರಿನ ಅಕೌಂಟೆಂಟ್. ಎವೋದಿಯೊನ ಮಗಳಿಗೆ ದೀಕ್ಷಾಸ್ನಾನವಾದಾಗ ಮಗುವನ್ನು ಎತ್ತಿ ಹಿಡಿದ ಧರ್ಮಮಾತೆಯೂ ಅವಳೇ. ಹಾಗಾಗಿ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಈ ನಂಟಿರುವವರು ಎಷ್ಟು ಬೈದಾಡಿದರೂ ಬಹುವಚನ ಬಿಡುವಂತಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಅವಳ ತಾಳ್ಮೆ ಕೆಟ್ಟಿತು. ಮೂಟೆಯಿಂದ ರಸೀದಿಗಳ ಜೊತೆ ಅರ್ಧ ತಿಂದ ತಮಾಲೆ ಕಡುಬೂ ಬಿತ್ತು.

"ಏನ್ರೀ ಕೊಂಪಾದ್ರೆ, ಇದಕ್ಕೂ ತೆರಿಗೆ ವಿನಾಯ್ತಿ ಕೇಳ್ಲಾ?" ಅಂದಳು. "ನೋಡಿ, ಕೊನೇ ಸಲ ಹೇಳ್ತಿದೀನಿ. ಮುಂದಿನ ವರ್ಷಾನೂ ಹೀಗೇ ಬಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಕೈಲಾಗಲ್ಲ."

ಎವೋದಿಯೊಗೆ ಇದು ಸಣ್ಣ ಬೆದರಿಕೆಯಲ್ಲ. ಬೇರೆ ಅಕೌಂಟೆಂಟ್ ಊರಿನಲ್ಲಿ ಇರಲಿಲ್ಲವೆಂದಲ್ಲ. ಆದರೆ ಎವೋದಿಯೊ ತಲೆಗೆ ಬಣ್ಣ ಹಚ್ಚುವುದು, ಡಾಕ್ಟರು ಬೇಡವೆಂದ ಮೇಲೂ ಭಾನುವಾರ ಹಂದಿಮಾಂಸ ಕಟ್ಟಿಸಿಕೊಳ್ಳುವುದು, ಹೆಂಡತಿಗೆ ತಿಳಿಯದ ಹಾಗೆ ತಮ್ಮನಿಗೆ ಟೈರು ಕೊಡಿಸಿದ್ದು, ಎಲ್ಲವೂ ಆ ರಸೀದಿಗಳಿಂದ ಎವುಸ್ತೋಲಿಯಾಳಿಗೆ ಗೊತ್ತು. ಗೊತ್ತಿದ್ದೂ ಒಂದು ದಿನ ಬಾಯಿ ಬಿಟ್ಟವಳಲ್ಲ. ಒಬ್ಬರ ಮುಂದೆ ಮಾನ ಕಳೆದುಕೊಂಡಾಗಿದೆ, ಈ ವಯಸ್ಸಿನಲ್ಲಿ ಇನ್ನೊಬ್ಬರ ಮುಂದೆ ಮತ್ತೆ ಮೊದಲಿನಿಂದ ಶುರು ಮಾಡುವುದೆಂದರೆ ಅವನಿಗೆ ಸಾಧ್ಯವೇ ಇರಲಿಲ್ಲ.

ಹಾಗಾಗಿ ಆ ವರ್ಷ ಅವನು ಮನುಷ್ಯನಾದ. ತಿಂಗಳಿಗೊಂದು ಲಕೋಟೆ ಮಾಡಿದ. ಯಾವ ರಸೀದಿ ಯಾತರದ್ದೆಂದು ಸಂಜೆ ಸಂಜೆ ಕೂತು ಬೇರ್ಪಡಿಸಿದ. ಹೆಂಡತಿ ದೆಲ್ಫೀನಾ ಮೊದಲು ನಂಬಲಿಲ್ಲ, ಆಮೇಲೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಏಪ್ರಿಲ್ ಬಂದಾಗ ಅವನಿಗೆ ಲಕೋಟೆಗಳು ಬಡವಾಗಿ ಕಂಡವು. ಕೊಮಾದ್ರೆ ಬೆರಗಾಗಬೇಕು, ಪುಟ ತಿರುಗಿಸಿದರೆ ಫಳಫಳ ಹೊಳೆಯಬೇಕು. ಲ್ಯಾಮಿನೇಶನ್ ಯಂತ್ರ ಬಿಸಿಗಿಟ್ಟ. ಒಂದೊಂದು ಹಾಳೆಗೆ ರಸೀದಿಗಳನ್ನು ಅಂದವಾಗಿ ಜೋಡಿಸಿ, ಕೆಳಗೆ ಚೀಟಿ ಬರೆದು, ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಯಂತ್ರದ ಬಾಯಿಗೆ ಕೊಡತೊಡಗಿದ. ಹಾಳೆಗಳು ಆ ಕಡೆಯ ಬುಟ್ಟಿಗೆ ಬೀಳುತ್ತಿದ್ದವು. ಇವನ ಮುಖವೆಲ್ಲ ಗಿರಾಕಿಗಳ ಕಡೆ.

"ಶಿಸ್ತು ಅಂದ್ರೆ ಹೀಗಿರ್ಬೇಕು," ಎಂದು ಬಂದವರಿಗೆಲ್ಲ ಉಪದೇಶ. "ಕೆಲವರು ಮೂಟೇಲಿ ತುಂಬ್ತಾರಪ್ಪ, ಥೂ, ನಾಚ್ಕೆಗೇಡು!"

ನವೆಂಬರ್ ತಿಂಗಳ ಹಾಳೆ ಮುಗಿಯುವ ಹೊತ್ತಿಗೆ ಬ್ರೆಡ್ ಮಾರುವ ಕ್ರೆಸೆನ್ಸಿಯಾ ಬಂದಳು. ಬುಟ್ಟಿಯೊಳಗೆ ಇಣುಕಿ ಶಿಲುಬೆ ಹಾಕಿಕೊಂಡಳು.

"ಯಾರು ಹೋದ್ರು, ದೋನ್ ಎವೋದಿಯೊ? ಇಷ್ಟೊಂದು ಕರೀ ಕಾಗ್ದ ಯಾಕೆ?"

ಎವೋದಿಯೊ ತಿರುಗಿ ನೋಡಿದ. ರಸೀದಿ ಇದ್ದ ಜಾಗದಲ್ಲೆಲ್ಲ ಕಾವಲಿ ತಳದಂಥ ಕಪ್ಪು. ಅಂಗಡಿ ಯಂತ್ರಗಳ ರಸೀದಿಯಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗಿ ಅಕ್ಷರ ಮೂಡುತ್ತದೆ. ಇವನು ಇಡೀ ಕಾಗದಕ್ಕೇ ಬಿಸಿ ಮುಟ್ಟಿಸಿದ್ದ. ಇಷ್ಟು ವರ್ಷ ಊರಿನ ಕಾಗದವನ್ನೆಲ್ಲ ಆ ಯಂತ್ರಕ್ಕೆ ಉಣ್ಣಿಸಿದವನಿಗೆ ಇದು ಗೊತ್ತಿರಲಿಲ್ಲ. ಟೊಮೇಟೊ ಕೊಂಡ ರಸೀದಿಗೆ ಪ್ಲಾಸ್ಟಿಕ್ ಹಾಕಿಸಲು ಯಾವ ತಿಳಿಗೇಡಿ ತಾನೇ ಬಂದಾನು? ಹನ್ನೊಂದು ತಿಂಗಳು ಹೋಗಿ ಡಿಸೆಂಬರ್ ಒಂದು ಉಳಿಯಿತು.

ಎರಡು ದಿನ ಅವನು ಹೊಟ್ಟೆನೋವೆಂದು ಮಲಗಿದ. ಮೂರನೆಯ ದಿನ ದೆಲ್ಫೀನಾ ಹೊದಿಕೆ ಕಿತ್ತೆಸೆದಳು.

"ಎದ್ದೇಳಯ್ಯಾ, ಹೋಗಿ ಹೇಳು. ಅವ್ಳೇನು ಹುಲೀನಾ, ತಿಂದುಬಿಡೋಕೆ?"

"ತಿಂದ್ರೆ ಪರ್ವಾಗಿಲ್ವೇ, ಬಿಟ್ಬಿಟ್ರೆ ಏನ್ ಮಾಡ್ಲಿ?"

ಊರಿನ ಹೆಸರುವಾಸಿ ಸಿಹಿ ಮುಯೇಗನೊ ಒಂದು ಡಬ್ಬಿ ಕಟ್ಟಿಸಿಕೊಂಡು, ಆ ಹಾಳೆಗಳ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಎವುಸ್ತೋಲಿಯಾಳ ಆಫೀಸು ಅಷ್ಟು ಖಾಲಿ ಇದ್ದದ್ದನ್ನು ಅವನು ಏಪ್ರಿಲ್‌ನಲ್ಲಿ ಎಂದೂ ನೋಡಿರಲಿಲ್ಲ. ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅವಳು ಕಂಪ್ಯೂಟರ್ ಮುಂದೆ ಆಕಳಿಸುತ್ತಿದ್ದಳು.

ಎವೋದಿಯೊ ಕಡತವನ್ನು ಮುಂದೆ ಇಟ್ಟ. ಅವಳು ಕನ್ನಡಕ ಏರಿಸಿ ತೆರೆದಳು. ಜನವರಿ, ಕಪ್ಪು. ಕೆಳಗೆ ದುಂಡಕ್ಷರದಲ್ಲಿ 'ಕಾಗದದ ಸಗಟು ಖರೀದಿ'. ಫೆಬ್ರವರಿ, ಕಪ್ಪು, 'ಯಂತ್ರದ ರಿಪೇರಿ'. ಮಾರ್ಚ್, ಏಪ್ರಿಲ್, ಎಲ್ಲವೂ ನೀಟಾಗಿ, ಹೊಳಪಾಗಿ, ಕಪ್ಪಾಗಿ.

"ಪ್ಲಾಸ್ಟಿಕ್ ಹಾಕಿದ್ರಾ?" ಅಂದಳು ಕೊನೆಗೆ.

"ಹಾಕ್ದೆ."

"ಯಾಕ್ರೀ?"

"ಚೆನ್ನಾಗಿರ್ಲಿ ಅಂತ... ನೀವು ಖುಷಿ ಪಡ್ಲಿ ಅಂತ."

ಎವುಸ್ತೋಲಿಯಾಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಎವೋದಿಯೊ ಗಾಬರಿಬಿದ್ದು ಎದ್ದು ನಿಂತ. ಅವಳು ಟೇಬಲ್ ಗುದ್ದಿ ಗುದ್ದಿ ನಗುತ್ತಿದ್ದಳು. ಜುಲೈ ತಿರುವಿ ನಕ್ಕಳು, ಆಗಸ್ಟ್ ತಿರುವಿ ಹೊಟ್ಟೆ ಹಿಡಿದುಕೊಂಡಳು.

"ಕೊಮಾದ್ರೆ," ಎಂದ ಅವನು, "ನನ್ನ ಬಿಟ್ಬಿಡ್ತೀರಾ?"

ಅವಳು ಕಣ್ಣೊರೆಸಿಕೊಂಡಳು. ಆ ಖಾಲಿ ಕುರ್ಚಿಗಳ ಕಡೆ ಕೈ ತೋರಿಸಿದಳು.

"ಹೋದ್ವರ್ಷ ನಿಮ್ಗೆ ಅಂದಿದ್ದನ್ನೇ ಎಲ್ರಿಗೂ ಅಂದೆ. ಎಲ್ರೂ ಬುದ್ಧಿವಂತರಾಗ್ಬಿಟ್ರು. ಎಲ್ಲಾ ಫೋನಲ್ಲೇ ಕಳಿಸ್ತಾರೆ, ತಪ್ಪಿಲ್ಲ, ತಡ ಇಲ್ಲ. ಈ ಬಾಗ್ಲು ದಾಟಿ ಒಬ್ರೂ ಬಂದಿಲ್ಲ ಕಣ್ರೀ. ನಿಮ್ಮನ್ನೂ ಬಿಟ್ರೆ ಏಪ್ರಿಲ್‌ನಲ್ಲಿ ನಾನು ಯಾರಿಗೆ ಬೈಲಿ?"

ಅಪ್ಪನ ಮಣ್ಣಿನಲ್ಲೂ ಗಟ್ಟಿಯಾಗಿ ನಿಂತಿದ್ದ ಎವೋದಿಯೊ ಅಕೌಂಟೆಂಟ್ ಎದುರು ಮೂಗು ಸೊರ್ ಅನ್ನಿಸಿದ.

"ಸಾಕು, ಸಾಕು," ಎಂದು ಅವಳು ಚೀಲ ಹೆಗಲಿಗೇರಿಸಿ, ಬಾಗಿಲಿನ ಬೀಗ ಹುಡುಕಿದಳು. "ಒಂದೊಂದೇ ಅಂಗ್ಡಿಗೆ ಹೋಗಿ ಎಲ್ಲಾ ರಸೀದೀನೂ ಹೊಸದಾಗಿ ಕೇಳೋಣ. ಏನಾಯ್ತು ಅಂತ ಅವ್ರಿಗೆ ನೀವೇ ಹೇಳ್ಬೇಕು, ನಾನು ಪಕ್ಕದಲ್ಲಿ ನಿಂತು ಕೇಳ್ತೀನಿ. ಮೊದ್ಲು ಟೈರ್ ಅಂಗ್ಡಿ."

"ಟೈರ್ ಅಂಗ್ಡಿ ಕೊನೇಗಿಟ್ಕೊಳ್ಳೋಣ ಕೊಮಾದ್ರೆ," ಎಂದ ಎವೋದಿಯೊ. "ಈ ಹೊತ್ತಲ್ಲಿ ಅಲ್ಲಿ ಅತ್ತೆ ಹರಟೆಗೆ ಕೂತಿರ್ತಾರೆ. ಆ ಔಷಧಿ ಚೀಟಿ ಅವ್ರಿನ್ನೂ ಮರ್ತಿಲ್ಲ."

"ಹಾಗಾದ್ರೆ ಬೇಗ ನಡೀರಿ," ಅಂದಳು ಎವುಸ್ತೋಲಿಯಾ, "ಅವ್ರು ಎದ್ದು ಹೋಗೋದ್ರೊಳಗೆ ತಲುಪ್ಬೇಕು."