ಟೊಮೆಟೊ ಎಲೆಯ ಅತ್ತರು

ಅಂಗಡಿಯ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಹಸಿರು ವಾಸನೆ ಚೆನ್ನಾಗೇ ಇದೆ, ಆದ್ರೆ ಸ್ವಲ್ಪ ಸಿಹಿ ಮಾಡಿ. ಶುಕ್ರವಾರದೊಳಗೆ ಬಂದ್ರೆ ನಿಮ್ಮ ಬಾಟಲಿಗೆ ನಮ್ಮ ಕಪಾಟಲ್ಲಿ ಜಾಗ. ಇಲ್ದಿದ್ರೆ ಬೇರೆಯವರು ಕಾಯ್ತಿದಾರೆ."

ನನ್ನಂಥ ಒಬ್ಬಂಟಿ ಅತ್ತರಿನವಳ ಸರಕು ಇಡುವ ಅಂಗಡಿ ಊರಿಗೆಲ್ಲ ಅದೊಂದೇ. ನನ್ನ ಬಾಟಲಿಗಳನ್ನು ಹೊತ್ತು ಮಾರುವವರು ಅಕ್ಕನ ಗಂಡ. ಫೋನಿಟ್ಟ ಕೂಡಲೇ ಅವರು ಶುರು ಮಾಡಿದರು.

"ಒಂದೆರಡು ತೊಟ್ಟು ವೆನಿಲ್ಲಾ ಹಾಕಮ್ಮ. ನಿನ್ನ ಗಂಟೇನು ಹೋಗುತ್ತೆ?"

"ಟೊಮೆಟೊ ಗಿಡದಲ್ಲಿ ವೆನಿಲ್ಲಾ ಎಲ್ಲಿರುತ್ತೆ ಭಾವ?"

"ಗಿಡದ ವಾಸನೆ ಬೇಕಾದವರು ಗಿಡಾನೇ ಮೂಸ್ತಾರೆ, ಬಾಟಲಿ ಯಾಕೆ ಕೊಳ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ನಾನು ಹಿಡಿಯಹೊರಟಿದ್ದು ಗಿಡವನ್ನಲ್ಲ, ಅಮ್ಮನ ಕೈಯನ್ನು. ಅಮ್ಮ ಇಪ್ಪತ್ತೆರಡು ವರ್ಷ ದೊಡ್ಡದೊಂದು ಗಾಜಿನ ಮನೆಯಲ್ಲಿ ಟೊಮೆಟೊ ಗಿಡಗಳ ಕವಲಿನ ಬೇಡದ ಚಿಗುರು ಚಿವುಟಿದವಳು. ಕತ್ತರಿ ಮುಟ್ಟುವಂತಿಲ್ಲ, ಹೆಬ್ಬೆರಳು ಮತ್ತು ತೋರುಬೆರಳು ಅಷ್ಟೇ. ಸಂಜೆಯ ಹೊತ್ತಿಗೆ ಆ ಬೆರಳುಗಳು ಹಸಿರಿನಿಂದ ಕಪ್ಪಿಗೆ ತಿರುಗಿ ಅಂಟಂಟಾಗಿರುತ್ತಿದ್ದವು.

ಮೂರು ತಿಂಗಳಿಂದ ಆ ವಾಸನೆಯ ಬೆನ್ನು ಹತ್ತಿದ್ದೆ. ಎಲೆ ಸಿಕ್ಕಿತ್ತು, ಕಾಂಡದ ತಂಪೂ ಸಿಕ್ಕಿತ್ತು. ಆದರೆ ಪ್ರತಿ ಸಲವೂ ಅದು ಇಸ್ತ್ರಿ ಮಾಡಿದ ಅಂಗಿ ತೊಟ್ಟವರಂತೆ ಸಭ್ಯವಾಗಿ ಬಂದು ನಿಲ್ಲುತ್ತಿತ್ತು. ಏನು ಕಡಿಮೆಯಾಗಿದೆ ಎಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಗುರುವಾರ, ಮೂವತ್ತೇಳನೆಯ ಪ್ರಯತ್ನದಲ್ಲಿ ಎಡವಟ್ಟಾಯಿತು. ಗಾಲ್ಬನಂ ಎಂಬ ಗಿಡದ ಅಂಟು ಎಷ್ಟು ಕಹಿಯೆಂದರೆ, ಅದನ್ನು ಹತ್ತು ಪಾಲು ತೆಳುಮಾಡಿಯೇ ಬಳಸುತ್ತೇವೆ. ಅಪ್ಪಟದ ಬಾಟಲಿಯೂ ತೆಳುವಿನ ಬಾಟಲಿಯೂ ನೋಡಲು ಅವಳಿಜವಳಿ. ಮುಚ್ಚಳ ತೆರೆದು ಮೂಸಿದರೆ ಮಗುವಿಗೂ ವ್ಯತ್ಯಾಸ ತಿಳಿದೀತು. ಆದರೆ ಬೆಳಗಿನಿಂದ ಮೂಸಿ ಮೂಸಿ ನನ್ನ ಮೂಗು ಸತ್ತುಹೋಗಿತ್ತು. ಅಪ್ಪಟವನ್ನೇ ಸುರಿದುಬಿಟ್ಟಿದ್ದೆ. ಬಾಟಲಿಯ ತಳದ ಚೀಟಿ ನೋಡಿ ಅದು ಗೊತ್ತಾದಾಗ ವಾಸನೆ ನೋಡುವ ಕಾಗದದ ಪಟ್ಟಿಯನ್ನು ಬುಟ್ಟಿಯತ್ತ ಎಸೆದು, ನನಗೆ ನಾನೇ ಬೈದುಕೊಂಡೆ.

ಅಷ್ಟರಲ್ಲಿ ಅಮ್ಮ ಊಟದ ಡಬ್ಬಿ ಹಿಡಿದು ಭಾವನ ಜೊತೆ ಬಂದಳು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಹೇಳಿರಲಿಲ್ಲ. ನೆಲದ ಮೇಲೆ ಕಸ ಕಂಡರೆ ಸುಮ್ಮನಿರುವ ಜೀವವಲ್ಲ ಅದು. ಬುಟ್ಟಿಯ ಹೊರಗೆ ಬಿದ್ದಿದ್ದ ಪಟ್ಟಿಯನ್ನು ಎತ್ತಿದಳು, ಮೂಸಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಮೂಸಿಕೊಂಡಳು. ಮೂಲೆಯ ನಲ್ಲಿಗೆ ಹೋಗಿ, ಸೋಪು ಹಚ್ಚಿ ಗಸಗಸ ಉಜ್ಜತೊಡಗಿದಳು.

"ಏನಾಯ್ತಮ್ಮ?"

"ಏನಿಲ್ಲ ಕಣೆ. ಈ ವಾಸನೆ ಬಂದ್ರೆ ಕೈ ತೊಳೀಬೇಕು ಅನ್ಸಿಬಿಡುತ್ತೆ. ನಿನ್ನ ಸ್ಕೂಲ್ ಗೇಟಿಗೆ ಬರೋ ಮುಂಚೆ ಮೂರ್ಮೂರು ಸಲ ತೊಳೀತಿದ್ದೆ. ಫ್ರೆಂಡ್ಸೆಲ್ಲ ಮೂಗು ಮುಚ್ಕೋತಾರೆ ಅಂತ ನೀನು ಅಳ್ತಿದ್ಯಲ್ಲ."

ನಿಜ, ಅಳುತ್ತಿದ್ದೆ. ಕೈ ತೊಳೆದು ಬಾ ಎಂದು ಹಟ ಹಿಡಿದವಳೂ ನಾನೇ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೂರು ತಿಂಗಳು ನಾನು ಮಾಡುತ್ತಿದ್ದುದು ತೊಳೆದ ಕೈಯ ವಾಸನೆ.

ಅವಳು ಇನ್ನೂ ಉಜ್ಜುತ್ತಿರುವಾಗಲೇ ಅಂಗಡಿಗೆ ಫೋನ್ ಮಾಡಿದೆ.

"ಸಿಹಿ ಹಾಕಲ್ಲ ಮೇಡಂ. ಕಹಿ ಮೊದಲಿಗಿಂತ ಹತ್ತು ಪಟ್ಟು ಹೆಚ್ಚಿದೆ. ಬೇಕಾ?"

"ಹಾಗಾದ್ರೆ ಬೇಡ ಬಿಡಿ," ಎಂದು ಅವರು ಫೋನ್ ಇಟ್ಟುಬಿಟ್ಟರು. ಭಾವ ತಲೆಯ ಮೇಲೆ ಕೈಹೊತ್ತು ಕುಳಿತರು.

ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಅಮ್ಮ ಗಾಬರಿಯಿಂದ ನೋಡಿದಳು. "ಇದನ್ನ ಯಾರಾದ್ರೂ ಕೊಳ್ತಾರೇನೆ?"

"ಕೊಳ್ಳೋವರೆಗೂ ನಾನೇ ಹಚ್ಕೊಂಡು ಬೀದಿ ಬೀದಿ ಓಡಾಡ್ತೀನಿ," ಎಂದು ಮೂವತ್ತೇಳನ್ನು ಎರಡೂ ಅಂಗೈಗೆ ತಿಕ್ಕಿಕೊಂಡು, ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡೆ.